ಹೋಗ್ಬಾ ಅಂದ ನಾಲಗೆ

ಬೀದಿಯ ತಿರುವಿನಲ್ಲೇ ಹುಳಿ ವಾಸನೆ ಮೂಗಿಗೆ ಹತ್ತಿತು ಅಂದರೆ ನಮ್ಮ ಮನೆ ಬಂತು ಅಂತ ಅರ್ಥ. ಮಧುಗಿರಿ ಪೇಟೆಯಲ್ಲಿ ಅಪ್ಪಯ್ಯನದು ಹುಣಸೆಹಣ್ಣಿನ ವ್ಯಾಪಾರ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕದಲ್ಲಿ ಹಣ್ಣು ತುಂಬುವ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಿಲು. ಮಲಗುವುದಕ್ಕೆಂದು ಬೇರೆ ಕೋಣೆ ಇರಲಿಲ್ಲ; ಹಣ್ಣು ಹೆಚ್ಚು ಬಂದ ವರ್ಷ ನಾವು ಇಕ್ಕಟ್ಟಿನಲ್ಲಿ ಮಲಗುತ್ತಿದ್ದೆವು, ಅಷ್ಟೆ. ಸುಗ್ಗಿಯಲ್ಲಿ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಕೂತು ಕೊಡತಿಯಿಂದ ಹಣ್ಣು ಬಡಿದು ಬೀಜ ಬಿಡಿಸುವರು. ನಾನು ಮಗ್ಗಿ ಕಲಿತದ್ದು ಆ ಬಡಿತದ ಮಧ್ಯೆಯೇ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಹೆಣ್ಣು ನಾನು. ಗಂಡು ಹೆಣ್ಣು ಎರಡರಲ್ಲೂ ಸೇರಿ ಬಿ.ಎ. ಮಾಡಿದ ಮೊದಲಿಗಳೂ ನಾನೇ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಅದೇನು ಕುಂತಲ್ಲಿಗೆ ಬಂದದ್ದಲ್ಲ. ಆ ಓದು ಒಂದು ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ನಿಂತೇ ಹೋಗುವುದರಲ್ಲಿತ್ತು. ಅದನ್ನು ಹೇಳಬೇಕಾದರೆ ಅಪ್ಪಯ್ಯ ತೀರಿಕೊಂಡದ್ದರಿಂದ ಶುರುಮಾಡಬೇಕು.

ಅಪ್ಪಯ್ಯ ಕೊರಟಗೆರೆ, ಸಿರಾ ಸಂತೆಗಳನ್ನು ತಪ್ಪಿಸುತ್ತಿರಲಿಲ್ಲ. ಒಮ್ಮೊಮ್ಮೆ ಪಾವಗಡಕ್ಕೂ ಹೋಗುವನು. ಹೊರಡುವ ಬೆಳಿಗ್ಗೆ ಮೈ ತೊಳೆದು, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಬಿಳಿ ರುಮಾಲು ಸುತ್ತಿ ಅದರ ಚುಂಗು ಇಳಿಬಿಟ್ಟುಕೊಂಡು ಜಗಲಿಯ ಮೇಲೆ ಕಾಲು ಮಡಿಚಿ ಕೂರುವನು. ಗಾಡಿ ಹೂಡುವವರೆಗೆ ಮಾತಿಲ್ಲ ಕತೆಯಿಲ್ಲ. ಅಜ್ಜಿ, ಅಂದರೆ ಅವನ ತಾಯಿ, ಒಳಗಿನಿಂದ ಬುತ್ತಿಗಂಟು ತಂದು ಅವನ ಮುಂದೆ ನಿಂತು ಹೇಳುವಳು:

“ಹೋಗ್ಬಾ ಕಣಪ್ಪ.”

ಅಷ್ಟೇ. ಅವ್ವ ಬಾಗಿಲ ಹಿಂದೆ ನಿಂತಿರುವಳು. ಗಂಡಸನ್ನು ಕಳಿಸುವ ಮಾತು ಮನೆಯ ಹಿರಿಯಳ ಬಾಯಿಂದ ಬರಬೇಕು, ಸೊಸೆಯದಲ್ಲ. ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗು’ ಅಂತ ಕಳಿಸುವುದೂ ಇಲ್ಲ. ಹೊರಡುವವರು ‘ಬರ್ತೀನಿ’ ಅನ್ನಬೇಕು, ಕಳಿಸುವವರು ‘ಹೋಗ್ಬಾ’ ಅನ್ನಬೇಕು. ಸಾವಿನ ಮನೆಯಲ್ಲಿ ಮಾತ್ರ ಇದು ತಿರುವುಮುರುವು. ಮಾತಾಡಿಸಲು ಬಂದವರು ಏಳಬೇಕು, ಸೆರಗು ಸರಿಮಾಡಿಕೊಳ್ಳಬೇಕು, ಏನೂ ಹೇಳದೆ ಹೊರಟುಬಿಡಬೇಕು. ಅಲ್ಲಿ ಬರ್ತೀನಿ ಅಂದರೆ ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗೆ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ತಪ್ಪಿ ಆಡಿದಾಗ ಬೆನ್ನಿಗೆ ಬಿದ್ದ ಗುದ್ದಿನಿಂದ ಕಲಿತಿದ್ದೆವು.

ಆ ವರ್ಷ ಪಾವಗಡದ ಸಂತೆಯಿಂದ ಬಂದವನು ಮೈ ಬಿಸಿ ಅಂತ ಮಲಗಿದ. ಪಂಡಿತರು ವಿಷಮಶೀತ ಜ್ವರ ಅಂದರು. ಕಷಾಯ, ಗಂಜಿ, ಹರಕೆ ಎಲ್ಲ ಆಯಿತು. ಏಳಲಿಲ್ಲ. ನಮ್ಮವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಪ್ಪಯ್ಯನನ್ನು ಜಗಲಿಯ ಮೇಲೆಯೇ ಗೋಡೆಗೆ ಒರಗಿಸಿ ಕಾಲು ಮಡಿಸಿ ಕೂರಿಸಿದರು. ಹಣೆಗೆ ವಿಭೂತಿ ಬಳಿದರು, ಕೊರಳಿಗೆ ಹೂವು ಹಾಕಿದರು, ತಲೆಗೆ ಬಿಳಿ ರುಮಾಲು ಸುತ್ತಿದರು. ಬೀದಿಯಲ್ಲಿ ಭಜನೆ. ಒಳಗೆ ಹೆಂಗಸರು ಅವ್ವನನ್ನು ಹಿಡಿದುಕೊಂಡಿದ್ದರು. ಇನ್ನೇನು ಎತ್ತಬೇಕು ಅನ್ನುವಾಗ ಅಜ್ಜಿ ಒಳಗಿನಿಂದ ಬಂದಳು. ಮಗನ ಮುಂದೆ ನಿಂತಳು. ಮುಖದಲ್ಲಿ ಏನೂ ಇರಲಿಲ್ಲ. ಎಂದಿನ ದನಿಯಲ್ಲಿ, ಎಂದಿನ ಹಾಗೆ ಅಂದಳು:

“ಹೋಗ್ಬಾ ಕಣಪ್ಪ.”

ತಾಳ ನಿಂತುಹೋಯಿತು. ಪಕ್ಕದ ಮನೆಯ ಸಿದ್ದಮ್ಮ ಎದೆಗೆ ಕೈಯಿಟ್ಟುಕೊಂಡಳು.

“ಅಯ್ಯಯ್ಯೋ, ಏನಂದ್ಬುಟ್ರಿ ಅಜ್ಜಮ್ಮಾ! ಸತ್ತೋರ್ಗೆ ಬಾ ಅಂತಾರಾ? ಕಚ್ಕಳಿ, ನಾಲ್ಗೆ ಕಚ್ಕಳಿ!”

ಅಜ್ಜಿ ಕಚ್ಚಿಕೊಳ್ಳಲಿಲ್ಲ. ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಗಟ್ಟಿಯಾಗಿ ಹರಹರ ಮಹಾದೇವ ಅಂದು ಆ ಮಾತನ್ನು ಮುಚ್ಚಲು ನೋಡಿದರು. ಎತ್ತಿದರು, ಹೊರಟರು. ಆದರೆ ಆ ಮಾತು ಮನೆಯಲ್ಲೇ ಉಳಿಯಿತು.

ಅವತ್ತು ಮಧ್ಯಾಹ್ನ ನೆರೆಯವರು ಮುದ್ದೆ, ಉಪ್ಪುಸಾರು ತಂದು ಅಡುಗೆಮನೆಯಲ್ಲಿಟ್ಟು ಹೋಗಿದ್ದರು. ಯಾರೂ ಮುಟ್ಟಿರಲಿಲ್ಲ. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅಪ್ಪ ಸತ್ತ ದಿನ ಹಸಿಯಬಾರದು ಅಂತ ನಾನೇ ತೀರ್ಮಾನ ಮಾಡಿಕೊಂಡು ತಮ್ಮನನ್ನು ಎತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೆ. ಅಜ್ಜಿ ಬಂದಳು.

“ಹಸಿವಾಗೈತೇನವ್ವ?”

“ಇಲ್ಲ.”

“ಸುಳ್ಳಾಡ್ಬೇಡ. ನಂಗೂ ಆಗೈತೆ.”

ಹಿತ್ತಿಲಿನಲ್ಲಿ ಕಲ್ಲಿನ ಮೇಲೆ ಕೂತು ಇಬ್ಬರೂ ಉಂಡೆವು. ಅಜ್ಜಿ ಸಾರು ಇನ್ನೊಂದು ಸಲ ಹಾಕಿಸಿಕೊಂಡಳು. ಬೇಲಿಯಾಚೆಯಿಂದ ಸಿದ್ದಮ್ಮ ನೋಡಿದಳು. ಹೊತ್ತು ಮುಳುಗುವುದರೊಳಗೆ ಪೇಟೆಗೆಲ್ಲ ಗೊತ್ತಾಯಿತು. ಅದರ ಮೇಲೆ ಅಜ್ಜಿ ನಿದ್ದೆ ಮಾಡಲು ಶುರುಮಾಡಿದಳು. ಹಗಲು ಹೊತ್ತು ಬೆನ್ನು ನೆಲಕ್ಕೆ ತಾಗಿಸಿದವಳಲ್ಲ, ಈಗ ಊಟವಾದ ಕೂಡಲೇ ನಡುಮನೆಯಲ್ಲಿ ಸೆರಗು ಹಾಸಿ ಬಿದ್ದುಕೊಂಡರೆ ಗೊರಕೆ. ಮಾತಾಡಿಸಲು ಬಂದವರು ಆ ಗೊರಕೆ ಕೇಳುತ್ತ ಕೂರಬೇಕು. ಅವ್ವ ಅನ್ನ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು. ಅಪ್ಪಯ್ಯನ ಒಂದೊಂದು ಗುಣವನ್ನೂ ಹಾಡಿಕೊಂಡು ಅಳುವಳು. ಹೆಂಗಸರು ಮೂಗೊರೆಸಿಕೊಂಡು ಒಪ್ಪುವರು. ದುಃಖದಲ್ಲಿ ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅವ್ವನಿಗೆ ಅದು ನಿಜ. ಅಜ್ಜಿಗೆ ನಿಜವಲ್ಲ ಅನ್ನುವುದು ನನಗೆ ಪೂರ್ತಿ ತಿಳಿದದ್ದು ಎಷ್ಟೋ ಕಾಲದ ಮೇಲೆ, ನನ್ನ ಯಜಮಾನರು ಹೋದಾಗ. ನಾನು ಹೊಟ್ಟೆ ಬಿರಿಯ ಉಂಡೆ. ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದೆ. ಸೊಸೆ ಗಾಬರಿಯಾಗಿ ಡಾಕ್ಟರನ್ನು ಕರೆಸಿದಳು. ಹೊರೆ ಇಳಿಸಿದ ಆಳು ಉಂಡು ಮಲಗುವುದಿಲ್ಲವೇ, ಹಾಗೆ. ಬೇರೆ ಏನೂ ಅಲ್ಲ.

ಬುದ್ಧಿ ಹೇಳುವವರ ಸಂತೆಯೇ ನೆರೆಯಿತು. ಅಯ್ಯನವರು ಬಂದು, “ಲಿಂಗೈಕ್ಯರಾದೋರ್ಗೆ ಅಳಬಾರ್ದು ತಾಯಿ, ನಮ್ಮಲ್ಲಿ ಸೂತಕ ಅನ್ನೋದೇ ಇಲ್ಲ” ಅನ್ನುತ್ತಲೇ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಅವರಿಗೆ ಅಪ್ಪಯ್ಯ ಬಾಲ್ಯದ ಗೆಳೆಯ. ಅವರು ಬೀದಿ ದಾಟುವ ಮೊದಲೇ ಹೆಂಗಸರು ಅಜ್ಜಿಯ ಸುತ್ತ ಕೂತು, “ಅತ್ತುಬುಡಿ ಅಜ್ಜಮ್ಮ, ಒಳಗೇ ಇಟ್ಕಂಡ್ರೆ ತಲೆಗೇರ್ತದೆ” ಅನ್ನುವರು. ಅಳುವ ಅವ್ವನಿಗೆ ಸಾಕು ಮಾಡು ಅಂತ ಬುದ್ಧಿ, ಅಳದ ಅಜ್ಜಿಗೆ ಶುರುಮಾಡು ಅಂತ ಬುದ್ಧಿ. ಪಾವಗಡದಿಂದ ಅಪ್ಪಯ್ಯನ ವ್ಯಾಪಾರದ ಸ್ನೇಹಿತನ ಹೆಂಡತಿ ಗಾಡಿ ಕಟ್ಟಿಸಿಕೊಂಡು ಬಂದಳು. ಅಜ್ಜಿಯ ಕೈ ಹಿಡಿದು ತನ್ನ ತೆಲುಗಿನಲ್ಲಿ, “ಏಡುವಮ್ಮಾ, ಏಡಿಸ್ತೇ ಗುಂಡೆ ಬರುವು ತಗ್ಗುತುಂದಿ” ಅಂದಳು, ಅತ್ತರೆ ಎದೆಯ ಭಾರ ಇಳಿಯುತ್ತದೆ ಅಂತ. ಅಜ್ಜಿ ಕೈ ಬಿಡಿಸಿಕೊಳ್ಳದೆ ಹೇಳಿದಳು:

“ಭಾರ ನಂದು ಕಣಮ್ಮ. ಇಳ್ಸೋದು ಬುಡೋದು ನಂಗೆ ಸೇರಿದ್ದು. ಅದಿರ್ಲಿ, ನಿಮ್ ಕಡೆ ಈ ಸಲ ಹಣ್ಣು ಹೆಂಗೈತೆ?”

ಆಕೆ ಏನೂ ಹೇಳದೆ ಹೊರಟುಹೋದಳು. ಹೇಗೂ ಹೇಳದೆ ಹೊರಡುವುದೇ ರೂಢಿಯಾದ್ದರಿಂದ ಮುನಿಸೋ ಮರ್ಯಾದೆಯೋ ಗೊತ್ತಾಗಲಿಲ್ಲ.

ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಅನ್ನುವುದು ಇನ್ನೊಂದು ನಂಬಿಕೆ. ಸಿದ್ದಮ್ಮ ನನ್ನ ಕೈಗೆ ಬೆಲ್ಲದ ಚೂರು ಕೊಟ್ಟು, “ನಿಮ್ಮಪ್ಪ ಸಿರಾ ಸಂತೆಗೋಗವ್ನೆ ಕಣವ್ವ” ಅಂದಳು. ಪೇಟೆಯೆಲ್ಲ ನೋಡುತ್ತಿದ್ದಂತೆ ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊತ್ತುಕೊಂಡು ಹೋದವನು ಸಿರಾ ಸಂತೆಗೆ ಹೋಗುತ್ತಾನೆಯೇ? ಬೆಲ್ಲ ತಿಂದೆ, ಮಾತನ್ನು ನಂಬಲಿಲ್ಲ. ಆದರೆ ಕೇಳುವಂತಿರಲಿಲ್ಲ. ಮನೆಯಲ್ಲಿ ಅವನ ಹೆಸರು ಯಾರೂ ಎತ್ತುತ್ತಿರಲಿಲ್ಲ. ‘ಹೋದೋರು’ ಅನ್ನುವರು. ಅವ್ವ ಅಳುವಾಗಲೂ ‘ನನ್ ದೊರೆ’ ಅನ್ನುವಳೇ ಹೊರತು ಬೇರೆಯಿಲ್ಲ. ಹೆಸರು ಎತ್ತಿದರೆ ಗಾಯ ಕೆದಕಿದ ಹಾಗೆ ಅಂತ ಹಿರಿಯರ ಲೆಕ್ಕ. ನನಗೋ, ಮನೆಯಲ್ಲಿ ಅವನು ಎರಡನೇ ಸಲ ಸಾಯುತ್ತಿದ್ದಾನೆ ಅನ್ನಿಸುತ್ತಿತ್ತು. ಕಷ್ಟ ಬಂದರೆ ಮನೆಯವರು ಒಂದಾಗುತ್ತಾರೆ ಅನ್ನುತ್ತಾರಲ್ಲ, ಅದೂ ಎಲ್ಲ ಮನೆಗೂ ಒಪ್ಪುವ ಮಾತಲ್ಲ. ಒಬ್ಬನೇ ಮನುಷ್ಯನಿಗೆ ಇಬ್ಬರು ಹೆಂಗಸರು ಎರಡು ತರಹ ಸಂಕಟಪಟ್ಟರೆ, ಒಬ್ಬಳಿಗೆ ಇನ್ನೊಬ್ಬಳ ಸಂಕಟ ಸುಳ್ಳಾಗಿ ಕಾಣುತ್ತದೆ. ಅವ್ವನಿಗೆ ಅಜ್ಜಿಯ ಗೊರಕೆ ಕೇಳಿದರೆ ಮೈ ಉರಿಯುತ್ತಿತ್ತು. ಅಜ್ಜಿಗೆ ಅವ್ವನ ಅಳು ಕೇಳಿದರೆ ಎದ್ದು ಹಿತ್ತಿಲಿಗೆ ಹೋಗಬೇಕು ಅನ್ನಿಸುತ್ತಿತ್ತು. ಒಂದೇ ಒಲೆ, ಆದರೆ ಮಾತು ನನ್ನ ಮೂಲಕ. “ನಿಮ್ಮಜ್ಜಿಗೆ ಕೇಳು, ಸಾರಿಗೆ ಉಪ್ಪಾಕವ್ರಾ ಅಂತ.” “ನಿಮ್ಮವ್ವಂಗೇಳು, ನಾಲ್ಗೆ ಇದ್ರೆ ನೋಡ್ಕಳ್ಲಿ ಅಂತ.”

ಅಷ್ಟರಲ್ಲಿ ತಮ್ಮ ನಂಜುಂಡನಿಗೆ ಜ್ವರ ಬಂತು. ಹಲ್ಲು ಬರುವ ಕೂಸು, ಅದಕ್ಕೆ ಬಂದ ಜ್ವರ. ಬಂದ ಹಾಗೆಯೇ ಹೋಯಿತು. ಆದರೆ ಅದು ಮೈಮೇಲಿರುವಷ್ಟು ಹೊತ್ತು ಅವ್ವ ಕೂಸನ್ನು ಕೆಳಗಿಳಿಸಲಿಲ್ಲ. ಅಜ್ಜಿ ಹಣೆ ಮುಟ್ಟಲು ಕೈ ಚಾಚಿದಾಗ ಅವ್ವ ಹಿಂದಕ್ಕೆ ಸರಿದು, ಅಷ್ಟು ದಿನ ನುಂಗಿದ್ದನ್ನು ಆಡಿಬಿಟ್ಟಳು.

“ಮುಟ್ಬ್ಯಾಡಿ! ಬಾ ಅಂತ ಕರೆದ್ರಲ್ಲ, ಬಂದವ್ರೆ ನೋಡಿ, ಕೂಸಿನ್ ಕರ್ಕಂಡೋಗೋಕೆ! ಕೆಟ್ ನಾಲ್ಗೆ ನಿಮ್ದು. ಒಂದ್ ತೊಟ್ಟು ಕಣ್ಣೀರು ಬರ್ಲಿಲ್ಲ, ಆ ಮಾತು ಮಾತ್ರ ಬಂತು!”

ಅಜ್ಜಿಯ ಕೈ ಗಾಳಿಯಲ್ಲಿ ನಿಂತಿತ್ತು. ಅದನ್ನು ಮೆಲ್ಲಗೆ ಮಡಿಲಿಗೆ ತೆಗೆದುಕೊಂಡಳು. 

ಅವ್ವ ತವರಿಗೆ ಹೇಳಿಕಳಿಸಿದಳು. ಮಿಡಿಗೇಶಿಯಿಂದ ಅವಳ ಅಣ್ಣ ರುದ್ರಣ್ಣ ಮಾವ ಗಾಡಿ ತಂದ. ಬಾಣಂತನಕ್ಕೋ ಹಬ್ಬಕ್ಕೋ ಹೋಗುವ ಹಾಗಲ್ಲ, ಪಾತ್ರೆ, ಪೆಟ್ಟಿಗೆ ಸಮೇತ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಅಂತ ಅವ್ವ ಅಂದದ್ದು ನನಗೆ ಕೇಳಿಸಿತ್ತು. ಮಿಡಿಗೇಶಿಯಲ್ಲಿ ಮಾವನ ಮನೆಯ ಹೆಣ್ಣುಮಕ್ಕಳು ಎಮ್ಮೆ ಕಾಯುತ್ತಿದ್ದರು. ಶಾಲೆಯ ಮಾತೇ ಇರಲಿಲ್ಲ. ಅಪ್ಪಯ್ಯ ಹಟ ಹಿಡಿದು ನನ್ನನ್ನು ಶಾಲೆಗೆ ಸೇರಿಸಿದ್ದ. ಅಲ್ಲಿಗೆ ಹೋದರೆ ನನ್ನ ಓದಿಗೆ ಮಂಗಳ. ಮಾವನಿಗೆ ಹೇಳಿದೆ.

“ಓದಿ ಏನ್ಮಾಡ್ತೀಯವ್ವ ಗಂಗಿ? ಅಮಲ್ದಾರಿಕೆ ಮಾಡ್ತೀಯಾ?” ಅಂದು ನಕ್ಕ. ಕೆಟ್ಟವನಲ್ಲ, ಆ ಕಾಲದ ಮನುಷ್ಯ.

ನಾನು ಸ್ಲೇಟು, ಪುಸ್ತಕದ ಚೀಲವನ್ನು ಗಾಡಿಗೆ ಹಾಕಲು ಕೊಡಲಿಲ್ಲ. ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತೆ. ಸಾಮಾನೆಲ್ಲ ಏರಿತು. ಅಜ್ಜಿ ನಡುಮನೆಯಲ್ಲಿ ಹಣ್ಣಿನ ರಾಶಿಯ ಮುಂದೆ ಕೂತು ಕೊಡತಿಯಿಂದ ಬಡಿಯುತ್ತಿದ್ದಳು. ಅವ್ವ ಕೂಸನ್ನು ಸೊಂಟಕ್ಕೇರಿಸಿ ಬಾಗಿಲಿಗೆ ಬಂದಳು. ಬರ್ತೀವಿ ಅನ್ನಬೇಕು, ಅದನ್ನು ಅನ್ನಲಿಲ್ಲ.

“ಅತ್ತೆ, ಹೊಂಟ್ವಿ.”

ಕೊಡತಿ ನಿಲ್ಲಲಿಲ್ಲ. ಅವ್ವ ಒಂದು ಕಾಲು ಹೊಸ್ತಿಲಾಚೆ ಇಟ್ಟು ಇನ್ನೊಂದನ್ನು ಎತ್ತಲಾರದೆ ನಿಂತಳು. ಮದುವೆಯಾಗಿ ಬಂದಾಗಿನಿಂದ ಆ ಬಾಗಿಲು ದಾಟುವಾಗ ಅವಳು ಹೋಗ್ಬಾ ಕೇಳದೆ ದಾಟಿದವಳಲ್ಲ. ಮಾತಿಲ್ಲದೆ ದಾಟಿದರೆ, ಸಾವಿನ ಮನೆಯಿಂದ ಎದ್ದುಹೋಗುವ ನೆರೆಯವಳ ಹಾಗೆ ಆಗುತ್ತಿತ್ತು.

“ಅತ್ತೆ, ಮೊಮ್ಮಕ್ಳು ಹೊಂಟವ್ರೆ,” ಮಾವ ಬೀದಿಯಿಂದ ಕೂಗಿದ. “ಒಂದ್ ಮಾತನ್ನಿ ಮತ್ತೆ. ಎತ್ತು ನಿಂತ್ಕಂಡವೆ.”

“ಎತ್ತು ನಿಂತ್ರೆ ಹುಲ್ಲಾಕು,” ಅಜ್ಜಿ ಒಳಗಿನಿಂದಲೇ ಅಂದಳು. “ನನ್ ಬಾಯಿಂದ ಆ ಮಾತು ಬರಕಿಲ್ಲ ರುದ್ರಣ್ಣ. ಕೆಟ್ ನಾಲ್ಗೆ ಅಂತ ನಿನ್ ತಂಗೀನೇ ಅಂದವ್ಳೆ. ಆ ನಾಲ್ಗೇಲಿ ಕೂಸಿನ್ ಕಳ್ಸಿ, ಹಾದೀಲಿ ಏನಾರ ಆದ್ರೆ?”

“ಅಂಗಾದ್ರೆ ಬರೀ ಹೋಗಿ ಅನ್ನಿ, ಆಯ್ತಲ್ಲ.”

“ಬರೀ ಹೋಗಿ ಅಂತ ಮನೆ ಮಕ್ಳಿಗೆ ಯಾರಾರ ಅಂತಾರೇನ್ಲಾ? ಬುದ್ಧಿ ಐತಾ ನಿಂಗೆ?”

ಮಾವ ಬಾರುಕೋಲಿನಿಂದ ತಲೆ ಕೆರೆದುಕೊಂಡ. ಅಷ್ಟರಲ್ಲಿ ಸಿದ್ದಮ್ಮ ತನ್ನ ಜಗಲಿಯಿಂದ ಉಪಕಾರಕ್ಕೆ ಬಂದಳು.

“ಹೋಗ್ಲಿ ಬುಡ್ರಿ, ನಾನಂತೀನಿ. ಪಾರ್ವತವ್ವಾ, ಹೋಗ್ಬನ್ನಿ ಕಣಮ್ಮಾ!”

ಅವ್ವ ಗಕ್ಕನೆ ತಿರುಗಿದಳು.

“ನೀನ್ಯಾರೇ ನನ್ನ ಕಳ್ಸೋಕೆ? ನನ್ ಕಳ್ಸೋರು ಒಳಗವ್ರೆ! ಸುಮ್ಕೆ ಒಳಕ್ಕೋಗು!”

ಕೊಡತಿ ನಿಂತಿತು. ತಾನಾಡಿದ್ದು ತನಗೇ ಕೇಳಿಸಿದ ಹಾಗೆ ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂತರೆ ಕೊಲ್ಲುವಷ್ಟು ಬಯ್ಯುವ ಅಜ್ಜಿ ಬಯ್ಯಲಿಲ್ಲ. ಅವ್ವ ಬೀದಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

“ಅವತ್ತು ಯಾಕತ್ತೆ ಅಂಗಂದ್ರಿ?”

“ಯಾಕಂದ್ರೆ? ಕುಂತಿದ್ನಲ್ಲೇ ಪಾರ್ವತಿ. ಇಬೂತಿ ಧರ್ಸಿ, ರುಮಾಲು ಸುತ್ಕಂಡು, ದಿನಾ ಕುಂತಂಗೇ ಕುಂತಿದ್ದ. ಮಲಗ್ಸಿದ್ರೆ ಗೊತ್ತಾಗಿರೋದು. ಕುಂತಿರೋ ಮಗಂಗೆ ಇನ್ನೇನಂತಾರೆ?”

 ಕೂಸು ಅವ್ವನ ತಾಳಿಯಿಲ್ಲದ ಕೊರಳನ್ನು ತಡಕುತ್ತಿತ್ತು. ಅವ್ವ ಅದರ ಕೈ ಹಿಡಿದುಕೊಂಡು ಅಂದಳು:

“ದಿನಾ ಕುಂತಂಗೆ ಎಲ್ಲಿ ಕುಂತಿದ್ರು? ರುಮಾಲೇ ಸರಿಗೆ ಕಟ್ಟಿರ್ಲಿಲ್ಲ. ಚುಂಗು ಎಡಕ್ಕೆ ಬುಟ್ಟಿದ್ರು. ಸರಿಮಾಡಾನ ಅಂತ ಎದ್ರೆ ಎಲ್ರೂ ಹಿಡ್ಕಂಡ್ಬುಟ್ರು ನನ್ನ.”

“ಎಡಕ್ಕೇ ಅಲ್ವೇನೇ ಅವ್ನು ಬುಡ್ತಿದ್ದದ್ದು?”

“ಬಲಕ್ಕೆ ಅತ್ತೆ.”

“ನಮ್ ಮರುಳಸಿದ್ದನ್ ಚುಂಗು ನಂಗೊತ್ತಿಲ್ವೇನೇ? ಬುತ್ತಿ ಹಿಡ್ಕಂಡು ದಿನಾ ಎದುರ್ಗೆ ನಿಂತೋಳು ನಾನು. ಎಡಕ್ಕೆ!”

“ದಿನಾ ಬಾಗ್ಲಿಂದೆ ನಿಂತು ನೋಡ್ದೋಳು ನಾನು. ಬಲಕ್ಕೆ!”

ಮನೆಯಲ್ಲಿ ಅಪ್ಪಯ್ಯನ ಹೆಸರು ಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ನನ್ನ ಹೊರತು. ಅಜ್ಜಿ ಕೊಡತಿ ಹಿಡಿದೇ ಬಾಗಿಲಿಗೆ ಬಂದಳು. ಅವ್ವ ಎದ್ದು ನಿಂತಳು. ಅವನು ಮದುವೆಯ ದಿನ ಹೇಗೆ ಕಟ್ಟಿದ್ದ, ಗೊರವನಹಳ್ಳಿಗೆ ಹೋದಾಗ ಗಾಳಿಗೆ ರುಮಾಲು ಬಿಚ್ಚಿಹೋದದ್ದು ಯಾವ ಕಡೆಯಿಂದ, ಎಲ್ಲ ಹೊರಬಿತ್ತು. ಮಾವನನ್ನು ಸಾಕ್ಷಿಗೆ ಎಳೆದರು.

“ನಾನ್ ಅವ್ರ ರುಮಾಲ್ ನೋಡ್ತಿದ್ನಾ, ಎತ್ತು ನೋಡ್ತಿದ್ನಾ?” ಅಂದ ಮಾವ.

“ಎಡಕ್ಕೆ ಕಣ್ರಮ್ಮ,” ಸಿದ್ದಮ್ಮ ಕೂಗಿದಳು.

“ನೀ ಸುಮ್ಕಿರೇ!” ಇಬ್ಬರೂ ಒಟ್ಟಿಗೆ ಅಂದರು.

ಆ ಜಗಳ ಅವರಿಬ್ಬರೂ ಇರುವವರೆಗೆ ನಡೆಯಿತು. ಅಳು ಒಬ್ಬಳಿಗೆ ಕಡಿಮೆಯಾಗಲಿಲ್ಲ, ಇನ್ನೊಬ್ಬಳಿಗೆ ಬರಲೂ ಇಲ್ಲ. ಕಾಲ ಎಲ್ಲ ಮರೆಸುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ; ಕಾಲ ಏನನ್ನೂ ಮರೆಸಲಿಲ್ಲ, ಜಗಳವಾಡಲು ಒಂದು ವಿಷಯ ಕೊಟ್ಟಿತು. ಕಾಲೇಜಿಗೆ ಹೋದ ಮೇಲೆ ಒಂದು ಸಲ ನನಗೆ ಹೊಳೆಯಿತು: ಅಜ್ಜಿ ನೋಡಿದ್ದು ಎದುರಿನಿಂದ, ಅವ್ವ ನೋಡಿದ್ದು ಹಿಂದಿನಿಂದ. ಅಜ್ಜಿಯ ಎಡ ಅಂದರೆ ಅವನ ಬಲ. ಇಬ್ಬರದೂ ಸರಿಯೇ. ರಜೆಗೆ ಬಂದಾಗ ಹೇಳಬೇಕು ಅಂತ ಬಾಯಿತನಕ ಬಂತು. ಹೇಳಲಿಲ್ಲ. ಹೇಳಿದ್ದರೆ ಆ ಮನೆಯಲ್ಲಿ ಆಮೇಲೆ ಮಾತಾಡಲು ಏನಿರುತ್ತಿತ್ತು?

ಅವತ್ತು ಬಿಸಿಲೇರಿತು. ಮಾವ ಯಾರನ್ನೂ ಕೇಳದೆ ಎತ್ತು ಬಿಚ್ಚಿ ನೆರಳಿಗೆ ಕಟ್ಟಿದ; ಪೆಟ್ಟಿಗೆ, ಪಾತ್ರೆ ಇಳಿಸತೊಡಗಿದ. ಬಾಗಿಲಲ್ಲಿ ಜಗಳವಾಡುತ್ತಿದ್ದ ಅವ್ವ ಅಜ್ಜಿಯರ ಪಕ್ಕದಲ್ಲೇ ನಾನು ನುಸುಳಿ, ಹೆಗಲಿನ ಚೀಲ ಹಿಡಿದುಕೊಂಡು ಶಾಲೆಗೆ ಓಡಿದೆ. ಪಾಠ ಶುರುವಾಗಿತ್ತು. ಮೇಷ್ಟ್ರು ಬಾಗಿಲಲ್ಲೇ ತಡೆದರು.

“ಮಿಡಿಗೇಶಿಗೆ ಹೊರಟೆ ಅಂದರಲ್ಲ? ಯಾಕಿಷ್ಟು ತಡ?”

“ಹೋಗ್ಲಿಲ್ಲ ಸಾ. ಮನೇಲಿ ಜಗಳ.”

“ಏನು ಜಗಳ?”

“ನಮ್ಮಪ್ಪಯ್ಯಂದು ಸಾ.”

ಹುಡುಗಿಯರೆಲ್ಲ ತಿರುಗಿ ನೋಡಿದರು. ಮೇಷ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಮಡಿಚಿ ಹಿಡಿದು, ದನಿ ತಗ್ಗಿಸಿ ಕೇಳಿದರು:

“ಮುಗೀತೇನಮ್ಮ?”

“ಇಲ್ಲ ಸಾ,” ಅಂದೆ. “ಇನ್ನೂ ನಡೀತಾ ಐತೆ.”